ಸಮುದ್ರದ ಪ್ಲಾಸ್ಟಿಕ್‌ನಿಂದಾದ ವ್ಯಾಕ್ಯೂಮ್ ಕ್ಲೀನರ್: ದೀರ್ಘ ಬಳಕೆಯಲ್ಲಿ ಕಂಡದ್ದು

ಹೀರುವ ಬಲ, ಸದ್ದು, ವಿದ್ಯುತ್ ಖರ್ಚು ಇವುಗಳಲ್ಲಿ ಈ ಬಗೆಯ ಯಂತ್ರಕ್ಕೂ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್‌ಗೂ ಏನೂ ಅಂತರವಿಲ್ಲ. ಮೋಟಾರು, ಫಿಲ್ಟರು, ವೈರು ಎಲ್ಲ ಎರಡರಲ್ಲೂ ಒಂದೇ ತರಹ. ಅಂತರ ಇರುವುದು ಹೊರಕವಚದಲ್ಲಿ, ಅದೂ ಮೊದಲ ವರ್ಷ ಕಣ್ಣಿಗೆ ಬೀಳುವುದಿಲ್ಲ. ಪೆಟ್ಟಿಗೆ ಬಿಚ್ಚಿದ ವಾರವೇ ಬರೆದ ವಿಮರ್ಶೆ ಓದಿ ಇದನ್ನು ಕೊಳ್ಳಬೇಡಿ. ನೋಡಬೇಕಾದದ್ದು ಕ್ಲಿಪ್ಪುಗಳನ್ನು, ಮುಚ್ಚಳದ ಮಡಿಕೆಯನ್ನು, ಸ್ಕ್ರೂ ಕೂರುವ ಗುಬಟುಗಳನ್ನು.

ಮೊದಲು ಲೇಬಲ್ಲಿನ ವಿಚಾರ. ‘ಸಮುದ್ರದ ಪ್ಲಾಸ್ಟಿಕ್’ ಎಂದು ಮಾರುವ ಬಹುಪಾಲು ವಸ್ತುಗಳಲ್ಲಿ ಇರುವುದು ನೀರಿನಿಂದ ಎತ್ತಿದ ಕಸವಲ್ಲ, ‘ಓಶನ್-ಬೌಂಡ್’ ಪ್ಲಾಸ್ಟಿಕ್. ಅಂದರೆ ಕರಾವಳಿಯಿಂದ ಸುಮಾರು 50 ಕಿ.ಮೀ. ಒಳಗೆ ಸರಿಯಾದ ವಿಲೇವಾರಿ ಇಲ್ಲದೆ ಬಿದ್ದಿದ್ದು, ಮುಂದೆ ಕಡಲು ಸೇರಬಹುದಾದದ್ದು. ಗಟ್ಟಿಮುಟ್ಟಿನ ದೃಷ್ಟಿಯಿಂದ ಇದೇ ಒಳ್ಳೆಯ ಕಚ್ಚಾವಸ್ತು, ಅದರಲ್ಲಿ ಮೋಸವೇನಿಲ್ಲ. ಆದರೆ ಲೇಬಲ್ಲಿನಲ್ಲಿ ಅದನ್ನು ಸ್ಪಷ್ಟವಾಗಿ ಹೇಳಿರಬೇಕು. ಶೇಕಡಾವಾರು ಯಾವುದರದ್ದು ಎಂಬುದನ್ನೂ ಕೇಳಿ. 2021ರಲ್ಲಿ ಮೈಕ್ರೋಸಾಫ್ಟ್ ತಂದ ಮೌಸ್‌ನಲ್ಲಿ ಕವಚದ ತೂಕದ 20% ಸಮುದ್ರ ಪ್ಲಾಸ್ಟಿಕ್ ಎಂದು ಹೇಳಲಾಗಿತ್ತು. ಇಡೀ ಮೌಸ್‌ನ 20% ಅಲ್ಲ. ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಮೋಟಾರಿನ ತಾಮ್ರ, ಉಕ್ಕು, ವೈರು ಎಲ್ಲ ಸೇರುವುದರಿಂದ ಈ ಎರಡು ಲೆಕ್ಕಗಳ ನಡುವಿನ ಅಂತರ ಇನ್ನೂ ದೊಡ್ಡದು.

ಕಡಲಿನಿಂದಲೇ ಎತ್ತಿದ ಕಸದಿಂದಲೂ ಯಂತ್ರ ಮಾಡಿದ್ದಾರೆ. 2010ರಲ್ಲಿ ಎಲೆಕ್ಟ್ರೋಲಕ್ಸ್ ಬೇರೆ ಬೇರೆ ಕಡಲುಗಳ ಕಸ ಬಳಸಿ ಐದು ವ್ಯಾಕ್ಯೂಮ್ ಕ್ಲೀನರ್‌ಗಳನ್ನು ತಯಾರಿಸಿತು. ಅವು ಪ್ರದರ್ಶನಕ್ಕೆ ಮಾತ್ರ. ಅಂಗಡಿಗೆ ಬಂದದ್ದು ನೆಲದ ಮೇಲೆ ಸಂಗ್ರಹಿಸಿದ ಮರುಬಳಕೆ ಪ್ಲಾಸ್ಟಿಕ್‌ನ ಮಾದರಿಗಳು.

ಕಡಲಿನಲ್ಲಿ ತೇಲಿದ, ಇಲ್ಲವೇ ದಡದಲ್ಲಿ ಬಿಸಿಲುಂಡ ಪ್ಲಾಸ್ಟಿಕ್‌ಗೆ ಏನಾಗುತ್ತದೆ ಎಂದು ತಿಳಿದರೆ ಯಂತ್ರ ಎಲ್ಲಿ ಸೋಲುತ್ತದೆ ಎಂದು ಮೊದಲೇ ಹೇಳಬಹುದು. ಕವಚಕ್ಕೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಇಲ್ಲವೇ ಎಬಿಎಸ್ ಎಂಬ ಪ್ಲಾಸ್ಟಿಕ್ ಬಳಸುತ್ತಾರೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಪಾಲಿಪ್ರೊಪಿಲೀನ್‌ನ ಉದ್ದನೆಯ ಅಣುಸರಪಳಿ ತುಂಡಾಗುತ್ತದೆ. ಸರಪಳಿ ಗಿಡ್ಡವಾದಂತೆ ಕರಗಿದ ಪ್ಲಾಸ್ಟಿಕ್ ನೀರು ನೀರಾಗಿ ಹರಿಯುತ್ತದೆ, ಅಚ್ಚಿನೊಳಗೆ ಸಲೀಸಾಗಿ ತುಂಬುತ್ತದೆ, ಆದರೆ ತಣಿದ ಮೇಲೆ ಪೆಟ್ಟು ತಡೆಯುವುದಿಲ್ಲ. ಜೊತೆಗೆ ಕಸದಲ್ಲಿ ಬೆರೆತು ಬರುವ ಇನ್ನೊಂದು ಪ್ಲಾಸ್ಟಿಕ್ ಆದ ಪಾಲಿಎಥಿಲೀನ್‌ನ ಕಾಟ. ಪಾಲಿಪ್ರೊಪಿಲೀನ್‌ನ ಸಾಂದ್ರತೆ (ನೀರಿನದು 1 ಎಂದರೆ) 0.90–0.91, ಗಟ್ಟಿ ಪಾಲಿಎಥಿಲೀನ್‌ನದು 0.94–0.97, ಎರಡೂ ನೀರಿನಲ್ಲಿ ತೇಲುವುದರಿಂದ ತೊಟ್ಟಿಯಲ್ಲಿ ಮುಳುಗಿಸಿ ಬೇರ್ಪಡಿಸಲು ಆಗುವುದಿಲ್ಲ. ಇವೆರಡೂ ಕರಗಿದಾಗ ಒಂದಕ್ಕೊಂದು ಬೆರೆಯುವುದೂ ಇಲ್ಲ, ಪದರ ಪದರವಾಗಿ ನಿಲ್ಲುತ್ತವೆ. ಕವಚದ ಅಂಚು ತೆಳುವಾದ ಸಿಪ್ಪೆಯಂತೆ ಏಳುತ್ತಿದ್ದರೆ ಹೆಚ್ಚಿನ ಸಲ ಕಾರಣ ಇದೇ. ಬಾಟಲಿಗೆ ಬಳಸುವ ಪೆಟ್ (PET) ಪ್ಲಾಸ್ಟಿಕ್ಕಿನ ಚೂರು ಉಳಿದಿದ್ದರೆ ಬೇರೆ ತೊಂದರೆ: ಅದು ಕರಗುವುದು ಸುಮಾರು 250–260 ಡಿಗ್ರಿಯಲ್ಲಿ, ಪಾಲಿಪ್ರೊಪಿಲೀನ್ ಅಚ್ಚು ಹಾಕುವುದು ಹೆಚ್ಚಾಗಿ 200–250ರಲ್ಲಿ. ಕರಗದ ಚೂರು ಬಿಳಿ ಚುಕ್ಕೆಯಾಗಿ ಉಳಿದು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ತಯಾರಕರು ಹೊಸ ಪ್ಲಾಸ್ಟಿಕ್, ಪೆಟ್ಟು ತಡೆಯಲು ರಬ್ಬರಿನಂಥ ಸೇರಿಕೆ, ಗಾಳಿಯ ಆಮ್ಲಜನಕದಿಂದ ಹಾಳಾಗದಂತೆ ತಡೆಯುವ ಉತ್ಕರ್ಷಣ ನಿರೋಧಕ ಇವನ್ನೆಲ್ಲ ಬೆರೆಸಿ ಗುಣ ಸರಿಪಡಿಸುತ್ತಾರೆ. ಚೆನ್ನಾಗಿ ಬೆರೆಸಿದ ಮಾಲಿನ ದಪ್ಪ, ಚಪ್ಪಟೆ ಕವಚ ವರ್ಷಗಟ್ಟಲೆ ಬಳಸಿದರೂ ಅಲುಗುವುದಿಲ್ಲ; ಗೋಡೆಗೆ, ಬಾಗಿಲ ಚೌಕಟ್ಟಿಗೆ ತಾಗಿದರೂ ಗೀರಷ್ಟೇ ಬೀಳುತ್ತದೆ. ಈ ಭಾಗದ ಬಗ್ಗೆ ನಮಗೆ ಯಾವ ಆಕ್ಷೇಪವೂ ಇಲ್ಲ.

ಆಕ್ಷೇಪ ಇರುವುದು ಸಣ್ಣ ಭಾಗಗಳ ಬಗ್ಗೆ. ಚೀಲ ಅಥವಾ ಧೂಳಿನ ಡಬ್ಬಿಯ ಮುಚ್ಚಳದ ಕ್ಲಿಪ್ಪು ಪ್ರತಿ ಸಲ ತೆರೆದಾಗಲೂ ಬಾಗುತ್ತದೆ. ಸರಪಳಿ ಗಿಡ್ಡವಾದ ಪ್ಲಾಸ್ಟಿಕ್‌ಗೆ ಒಂದು ದೊಡ್ಡ ಪೆಟ್ಟಿಗಿಂತ ಇಂಥ ಸಾವಿರ ಬಾಗುವಿಕೆಗಳೇ ಕಷ್ಟ. ಕ್ಲಿಪ್ಪಿನ ಬುಡದಲ್ಲಿ ಬಣ್ಣ ಬೆಳ್ಳಗಾಗಿದೆಯೇ ಎಂದು ಆಗಾಗ ನೋಡಿ. ಬೆಳ್ಳಗಾಗಿದ್ದರೆ ಒಳಗೆ ಕಣ್ಣಿಗೆ ಕಾಣದ ಬಿರುಕುಗಳು ಎದ್ದಿವೆ ಎಂದರ್ಥ, ಮುರಿಯುವ ಮೊದಲೇ ಬಿಡಿಭಾಗ ತರಿಸಿ. ಜಾಣ ತಯಾರಕರು ಕವಚಕ್ಕೆ ಮಾತ್ರ ಮರುಬಳಕೆ ಮಾಲು ಹಾಕಿ, ಕ್ಲಿಪ್ಪನ್ನು ಹೊಸ ಪ್ಲಾಸ್ಟಿಕ್‌ನಲ್ಲಿ ಬೇರೆಯಾಗಿ ಮಾಡಿ ಕೂರಿಸುತ್ತಾರೆ. ಕೊಳ್ಳುವಾಗ ನಾವು ಮೊದಲು ನೋಡುವುದು ಇದನ್ನೇ, ಲೇಬಲ್ಲಿನ ಶೇಕಡಾವಾರನ್ನಲ್ಲ. ಕ್ಲಿಪ್ಪು ಕವಚದ ಜೊತೆಯಲ್ಲೇ ಒಂದೇ ಅಚ್ಚಿನಲ್ಲಿ ಬಂದಿದ್ದರೆ ಅಂಥ ಮಾದರಿ ಬಿಟ್ಟುಬಿಡಿ.

ಸ್ಕ್ರೂ ವಿಷಯದಲ್ಲಿ ತಪ್ಪು ಹೆಚ್ಚಾಗಿ ಬಿಚ್ಚಿ ಕಟ್ಟುವವರದ್ದು. ಫಿಲ್ಟರ್ ಗೂಡು ಸ್ವಚ್ಛ ಮಾಡಿ ಮತ್ತೆ ಸ್ಕ್ರೂ ಹಾಕುವಾಗ ಮೊದಲು ನಿಧಾನವಾಗಿ ಎಡಕ್ಕೆ ತಿರುಗಿಸಿ. ಸ್ಕ್ರೂ ಹಳೆಯ ಮರೆಯೊಳಗೆ (ಮೊದಲು ಕೊರೆದ ಸುರುಳಿ ಗೀರಿನೊಳಗೆ) ‘ಟಕ್’ ಎಂದು ಇಳಿದದ್ದು ಕೈಗೆ ತಿಳಿಯುತ್ತದೆ. ಆಮೇಲೆ ಬಲಕ್ಕೆ ತಿರುಗಿಸಿ, ಬಿಗಿಯಾದೊಡನೆ ನಿಲ್ಲಿಸಿ. ನೇರವಾಗಿ ಒತ್ತಿ ತಿರುಗಿಸಿದರೆ ಹೊಸ ಮರೆ ಕೊರೆದು ಗುಬಟು ಸೀಳುತ್ತದೆ. ಪವರ್ ಡ್ರಿಲ್ ಬೇಡವೇ ಬೇಡ.

ಚಕ್ರ, ಅಚ್ಚುಗಂಬಿಗಳಿಗೆ ಕೆಲವರು ಹಳೆಯ ಮೀನುಬಲೆಯ ನೈಲಾನ್ ಬಳಸುತ್ತಾರೆ. ಸಮುದ್ರದ ಕಸದ ಅತ್ಯುತ್ತಮ ಬಳಕೆ ಎಂದರೆ ಇದೇ. ಪೆಸಿಫಿಕ್‌ನ ದೊಡ್ಡ ಕಸದ ರಾಶಿಯ ತೂಕದಲ್ಲಿ ಸುಮಾರು 46% ಮೀನುಬಲೆಗಳೇ ಎಂದು 2018ರ ಅಧ್ಯಯನ ಲೆಕ್ಕ ಹಾಕಿತು. ನೈಲಾನ್ ಬಲೆಯನ್ನು ರಾಸಾಯನಿಕವಾಗಿ ಮೂಲ ಅಣುವಿಗೆ ಒಡೆದು ಮತ್ತೆ ಕಟ್ಟಿದರೆ ಹೊಸದರಷ್ಟೇ ಗಟ್ಟಿ ಬರುತ್ತದೆ. ಸವೆತವೂ ಕಡಿಮೆ.

ವಾಸನೆಯ ದೂರು ಸಾಮಾನ್ಯ. ಆಕ್ಸಿಡೀಕರಣಗೊಂಡ ಪ್ಲಾಸ್ಟಿಕ್‌ನ ಒಳಗಿನಿಂದ ಬಿಸಿಗೆ ಹೊರಬರುವ ಆವಿ ಅದು. ಗಾಳಿಯಾಡುವ ಕಡೆ ತೆರೆದಿಟ್ಟರೆ ಕೆಲವು ವಾರಗಳಲ್ಲಿ ತಗ್ಗುತ್ತದೆ. ಆಮೇಲೂ ವಾಸನೆ ಹೆಚ್ಚಿದರೆ ಪ್ಲಾಸ್ಟಿಕ್ಕನ್ನು ದೂರಬೇಡಿ, ಫಿಲ್ಟರ್ ನೋಡಿ: ಅದು ಕಟ್ಟಿಕೊಂಡರೆ ಗಾಳಿಯ ಹರಿವು ಕುಂದಿ ಮೋಟಾರು ಕಾಯುತ್ತದೆ, ಕವಚವೂ ಬಿಸಿಯಾಗುತ್ತದೆ. ಯಂತ್ರವನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ. ಒಮ್ಮೆ ಬಿಸಿಲುಂಡ ಪ್ಲಾಸ್ಟಿಕ್‌ನಲ್ಲಿ ತಡೆಯುವ ಶಕ್ತಿ ಮೊದಲೇ ಕಡಿಮೆ.

ಬಣ್ಣ ಹೆಚ್ಚಾಗಿ ಕಪ್ಪು, ಬಗೆಬಗೆಯ ಬಣ್ಣದ ಕಸ ಬೆರೆತರೆ ಬೇರೆ ದಾರಿ ಕಡಿಮೆ. ಇಲ್ಲೊಂದು ಬೇಸರದ ಸಂಗತಿ ಇದೆ: ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಪುಡಿ ಹಾಕಿದ ಪ್ಲಾಸ್ಟಿಕ್ಕನ್ನು ವಿಂಗಡಣಾ ಘಟಕದ ಅವಕೆಂಪು ಸೆನ್ಸರ್ ಗುರುತಿಸಲಾರದು. ಕಡಲ ಕಸವೆಂದು ಹೆಮ್ಮೆಯಿಂದ ಮಾಡಿದ ಯಂತ್ರ ಮುಂದಿನ ಮರುಬಳಕೆಯಿಂದಲೇ ಹೊರಗುಳಿಯಬಹುದು. ಬೂದು ಅಥವಾ ಸೆನ್ಸರ್‌ಗೆ ಕಾಣುವ ಕಪ್ಪು ಬಣ್ಣ ಬಳಸಿದ ಮಾದರಿ ಸಿಕ್ಕರೆ ಅದನ್ನೇ ಆರಿಸಿ.

ಕವಚ ಬಿರುಕು ಬಿಟ್ಟರೆ ಅಂಟು ಹಾಕುವ ಮೊದಲು ಒಳಬದಿಯಲ್ಲಿ ಅಚ್ಚೊತ್ತಿದ ಪ್ಲಾಸ್ಟಿಕ್ಕಿನ ಹೆಸರಿನ ಗುರುತು ನೋಡಿ. ಎಬಿಎಸ್ ಆದರೆ ಅಸಿಟೋನ್ ಹಚ್ಚಿ ಒತ್ತಿ ಹಿಡಿದರೆ ಕೂಡಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್‌ಗೆ ಸೂಪರ್ ಗ್ಲೂ ಪ್ರೈಮರ್ ಇಲ್ಲದೆ ಹಿಡಿಯುವುದಿಲ್ಲ. ಬಿಸಿ ಸ್ಟೇಪ್ಲರ್‌ನಿಂದ ಒಳಬದಿಯಲ್ಲಿ ತಂತಿ ಹುಗಿಸಿ ಹೊಲಿಯಬೇಕು. ಗುರುತು ಇಲ್ಲದಿದ್ದರೆ ಒಂದು ಚೂರು ಕೆರೆದು ನೀರಿಗೆ ಹಾಕಿ. ತೇಲಿದರೆ ಪಾಲಿಪ್ರೊಪಿಲೀನ್ ಇಲ್ಲವೇ ಪಾಲಿಎಥಿಲೀನ್. ಮುಳುಗಿದರೆ ಎಬಿಎಸ್ ಎಂದು ತಕ್ಷಣ ತೀರ್ಮಾನಿಸಬೇಡಿ: 20% ಟಾಲ್ಕ್ ಪುಡಿ ತುಂಬಿದ ಪಾಲಿಪ್ರೊಪಿಲೀನ್ ಕೂಡ ಮುಳುಗುತ್ತದೆ. ಅದೇ ಚೂರಿಗೆ ಒಂದು ಹನಿ ಅಸಿಟೋನ್ ಬಿಡಿ. ಮೆತ್ತಗಾಗಿ ಅಂಟಂಟಾದರೆ ಎಬಿಎಸ್, ಹಾಗೆಯೇ ಉಳಿದರೆ ಸ್ಟೇಪ್ಲರ್ ಹಿಡಿಯಿರಿ.