ಐದಕ್ಷರದ ಇಂಗ್ಲಿಷ್ ಪದ ಹುಡುಕೋ ಆಪ್: ಎರಡು ವರ್ಷದ ಮ್ಯಾಲಿನ ರಿವ್ಯೂ

ಮೊದಲ ಹೇಳಿಬಿಡ್ತೀನಿ, ಮೂರು ಸ್ಟಾರ್. ಹುಡುಕೋದಕ್ಕ ಐದು, ಹುಡುಕಿದ್ದನ್ನ ತೋರ್ಸೋ ರೀತಿಗೆ ಒಂದು, ಸರಾಸರಿ ಹಾಕಿದ್ರ ಅಷ್ಟ ಬರ್ತೈತಿ.

ನಾನು ಗಂಗಾವತ್ಯಾಗ ಮನ್ಯಾಗ ಟ್ಯೂಷನ್ ಹೇಳ್ತೀನಿ, ಐದನೇತ್ತಿಂದ ಎಂಟನೇತ್ತಾ ತನಕ. ಅರ್ಧ ಊರಾಗಿನ ಹುಡುಗ್ರು, ಅರ್ಧ ಸುತ್ತಲ ಕ್ಯಾಂಪಿನವು, ಅಂದ್ರ ಆಂಧ್ರದ ಕಡಿಂದ ಬಂದು ನೆಲಸಿದವ್ರ ಊರಿನವು, ಕ್ಯಾಂಪಿನವು ಮನ್ಯಾಗ ತೆಲುಗು ಮಾತಾಡ್ತಾವ ಸಾಲ್ಯಾಗ ಕನ್ನಡ, ಇಂಗ್ಲಿಷ್ ಇಬ್ಬರಿಗೂ ದೂರದ್ದ. ಆದ್ರ ಆಪ್ ಇಳಿಸಿಕೊಂಡಿದ್ದು ಅವ್ರ ಸಲುವಾಗಿ ಅಲ್ಲ ಬಿಡ್ರಿ, ವರ್ಡಲ್ ಅನ್ನೋ ಪದ ಊಹಿಸೋ ಆಟದ ನನ್ನ ಹುಚ್ಚಿಗೆ. ದಿನಕ್ಕ ಒಂದ ಪದ, ಐದಕ್ಷರ, ಆರು ಚಾನ್ಸ್, ಅಕ್ಷರ ಸರಿಯಾದ ಜಾಗದಾಗ ಬಿದ್ರ ಹಸಿರಾಗ್ತೈತಿ. ಜಾಶ್ ವಾರ್ಡಲ್ ಅನ್ನೋ ಸಾಫ್ಟ್‌ವೇರ್ ಇಂಜಿನಿಯರ್ ಮಾಡಿದ್ದು, 2021ರ ಅಕ್ಟೋಬರ್‌ನಾಗ ಎಲ್ಲಾರಿಗೂ ಬಿಟ್ಟ, 2022ರ ಜನವರಿ ಮುಗಿಯೋದ್ರಾಗ ನ್ಯೂಯಾರ್ಕ್ ಟೈಮ್ಸ್‌ನವ್ರು ಕೊಂಡ್ಕೊಂಡ್ರು.

ಆಪ್ ಕೆಲಸ ಸರಳ ಐತಿ. ಉದ್ದ ಐದು ಅಂತ ಇಟ್ಟು, ಗೊತ್ತಿದ್ದ ಅಕ್ಷರ ಅದರ ಜಾಗದಾಗ ಹಾಕಿ, ಗೊತ್ತಿಲ್ದ ಕಡೆ ಪ್ರಶ್ನೆ ಚಿಹ್ನೆ ಒತ್ತಿದ್ರ ಕಣ್ಣು ಪಿಳುಕಿಸೋದ್ರಾಗ ಪಟ್ಟಿ. ಬ್ಯಾಡಾದ ಅಕ್ಷರ ತೆಗಿಯಾಕ ಬ್ಯಾರೆ ಡಬ್ಬಿ ಐತಿ. ಪದದ ಪಟ್ಟಿ ಪೂರಾ ಫೋನಿನ್ಯಾಗ ಇರ್ತೈತಿ, ನೆಟ್ ಬೇಕಿಲ್ಲ, ಕರೆಂಟ್ ಹೋಗಿ ವೈಫೈ ಸತ್ತಾಗೂ ನಡೀತೈತಿ, ನಮ್ಮ ಕಡೆ ಇದು ಸಣ್ಣ ಮಾತಲ್ರಿ.

ಪಾಠಕ್ಕ ಬಂದಿದ್ದು ಹೆಂಗಂದ್ರ, ಒಂದಿನ ಆಟದಾಗ ಕೊನಿಗೆ ಐ-ಜಿ-ಎಚ್-ಟಿ ಹಸಿರಾತು, ಮುಂದಿನ ಒಂದಕ್ಷರ ಸಿಗವಲ್ದು. ಆಡೋರಿಗೆ ಗೊತ್ತಿರ್ತೈತಿ ಈ ಸಂಕಟ, ಲೈಟ್, ಮೈಟ್, ನೈಟ್, ರೈಟ್, ಫೈಟ್, ಸೈಟ್, ಟೈಟ್ ಎಲ್ಲಾ ನಡೀತಾವ, ಚಾನ್ಸ್ ಮಾತ್ರ ಉಳಿದಿರಂಗಿಲ್ಲ. ಆಪ್‌ನಾಗ ನೋಡಿದ್ರ ಇವೆಲ್ಲಾ ಸಾಲಾಗಿ ನಿಂತಾವ, ಆಟ ಹಾಳಾಗಿ ಹೋಗ್ಲಿ, ಸಾಲಾಗಿ ನಿಂತಿದ್ದ ಪಾಠ ಆತು. ಮರುದಿನ ಬೋರ್ಡ್ ಮ್ಯಾಲೆ ಬಾಲ ಒಂದ ಬರ್ದು ಮುಂದಿನ ಅಕ್ಷರ ನೀವು ಹಾಕ್ರಿ ಅಂದೆ, ಹುಡುಗ್ರು ಕಾಲ್ತಾಸಿನ್ಯಾಗ ಏಳೂ ಹಚ್ಚಿದ್ವು, ಒಂದೊಂದ ಬಾಯಿಪಾಠ ಮಾಡ್ಸಿದ್ರ ವಾರ ಹಿಡೀತಿತ್ತು. ಎಂಟು ಅನ್ನೋದ್ರ ಸ್ಪೆಲ್ಲಿಂಗೂ ಅದ ಸಾಲಿನ್ಯಾಗ ಬರ್ತೈತಿ, ಆದ್ರ ಐಟ್ ಅಲ್ಲ, ಏಟ್.

ಇಲ್ಲೇ ನೋಡ್ರಿ ಮೊದಲನೇ ತಕರಾರು. ಆಪ್‌ಗೆ ಅಕ್ಷರ ಗೊತ್ತು, ಉಚ್ಚಾರ ಗೊತ್ತಿಲ್ಲ. ಓ-ಯು-ಜಿ-ಎಚ್ ಬಾಲ ಹಾಕಿ ಹುಡುಕಿದೆ. ಮುಂದ ಬಿ ಹಚ್ಚಿದ್ರ ಬೌ, ಸಿ ಹಚ್ಚಿದ್ರ ಕಾಫ್, ಡಿ ಹಚ್ಚಿದ್ರ ಡೋ, ಆರ್ ಹಚ್ಚಿದ್ರ ರಫ್. ಆರನೇತ್ತಾ ಹುಡುಗಿ ಒಬ್ಬಾಕಿ "ಮೇಡಂ, ಒಂದ ಬಾಲಕ್ಕ ನಾಕು ನಮೂನಿ ಯಾಕ್ರಿ" ಅಂದ್ಲು. ಬರ್ದಂಗ ಓದೋ ಭಾಷೆ ಕಲ್ತ ಕೂಸು ಕೇಳೋದು ಖರೇನ ಐತಿ. ಸ್ಪೀಕರ್ ಗುರ್ತು ಒಂದಿದ್ರ ಸಾಕಿತ್ತು, ಅದಿಲ್ಲ. ಅರ್ಥ ಅಂತ ಒತ್ತಿದ್ರ ಬ್ರೌಸರ್‌ಗೆ ಒಗೀತೈತಿ, ಅಲ್ಲಿ ಮತ್ತ ನೆಟ್ ಬೇಕು.

ದೊಡ್ಡ ತಕರಾರು ಬ್ಯಾರೆ ಐತಿ, ಪಟ್ಟಿ ಹಸನು ಮಾಡಿಲ್ಲ. ನಮ್ಮೂರಾಗ ಅಕ್ಕಿ ಮಾರೋ ಯಾವ ಅಂಗಡ್ಯಾವನೂ ಹಿಂಗ ಹಳ್ಳು ಸಮೇತ ತೂಗಿ ಕೊಡಂಗಿಲ್ಲ. ಮ್ಯಾಲಿನ ಐ-ಜಿ-ಎಚ್-ಟಿ ಸಾಲಿನ್ಯಾಗ ಬಿ ಹಚ್ಚಿದ್ದು, ಡಿ ಹಚ್ಚಿದ್ದು, ಎಚ್ ಹಚ್ಚಿದ್ದು ಸೈತ ಬರ್ತಾವ, ಡಿಕ್ಷನರ್ಯಾಗ ಅದಾವ ಖರೆ, ಯಾರ ಬಾಯಾಗೂ ಇಲ್ಲ. ಅಕ್ಷರದ ಬಿಲ್ಲಿ ಜೋಡಿಸಿ ಪದ ಮಾಡೋ ಸ್ಕ್ರ್ಯಾಬಲ್ ಆಟ ಆಡೋರಿಗಂತ ಮಾಡಿದ ಪಟ್ಟಿನ ಹಂಗ ತುರುಕ್ಯಾರ ಅನ್ನಸ್ತೈತಿ. ವರ್ಡಲ್ ಮಾಡುವಾಗೂ ಇದ ತೊಡಕಿತ್ತಂತ, ಐದಕ್ಷರದ ಪದ 12,000 ಚಿಲ್ಲರೆ ಇದ್ವು, ವಾರ್ಡಲ್‌ನ ಸಂಗಾತಿ ತನಗ ಗೊತ್ತಿದ್ದ ಪದ ಯಾವು ಅಂತ ಒಂದೊಂದ ಆರಿಸಿದ್ಲು, ಹಂಗ ಆರಿಸಿ ಕಡೀಕ ಉತ್ತರಕ್ಕ ಇಟ್ಟಿದ್ದು 2,300ರ ಆಸುಪಾಸು. ಈ ಆಪ್ ಮಾಡಿದವ್ರ ಮನ್ಯಾಗ ಹಂಗ ಕುಂತು ಆರಿಸೋರು ಯಾರೂ ಇರ್ಲಿಲ್ಲ ಕಾಣಸ್ತೈತಿ.

ಅದಕ್ಕಿಂತ ತಲಿ ತಿನ್ನೋದು ಎಸ್. ನಾಕಕ್ಷರದ ಪದಕ್ಕ ಎಸ್ ಹಚ್ಚಿದ್ರ ಐದಾತು, ಬುಕ್ಸ್, ಡೋರ್ಸ್, ಬರ್ಡ್ಸ್, ಪಟ್ಟಿ ತುಂಬ ಇವ. ಸ್ಕ್ರ್ಯಾಬಲ್ ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ 1930ರ ದಶಕದಾಗ ಪೇಪರ್ ಮುಂದಿಟ್ಕೊಂಡು ಅಕ್ಷರ ಎಣಿಸಿ ಬಿಲ್ಲಿ ಹಂಚಿದಾವ, 100 ಬಿಲ್ಲ್ಯಾಗ ಇ 12 ಇಟ್ಟು ಎಸ್ ಮಾತ್ರ 4 ಇಟ್ಟ, ಇಲ್ದಿದ್ರ ಎಲ್ಲಾರೂ ಬಹುವಚನ ಮಾಡ್ಕೊಂತ ಕುಂದರ್ತಿದ್ರು. ಅಷ್ಟು ಹಿಂದ ಅವನಿಗೆ ಹೊಳೆದಿದ್ದು ಇವ್ರಿಗೆ ಹೊಳೀವಲ್ದು. ಬಹುವಚನ ಬ್ಯಾಡ ಅಂತ ಒಂದು ಟಿಕ್ ಕೊಡ್ರಿ ಅಂತ ಫೀಡ್‌ಬ್ಯಾಕ್ ಹಾಕೀನಿ, ಥ್ಯಾಂಕ್ಯೂ ಅಂತ ಮೇಲ್ ಬಂತು, ಟಿಕ್ ಬರ್ಲಿಲ್ಲ.

ಅಮೆರಿಕದ ಸ್ಪೆಲ್ಲಿಂಗೂ ಸಾಲಿ ಸ್ಪೆಲ್ಲಿಂಗೂ ಕಲಸಿ ಇಟ್ಟಾರ, ಕಲರ್ ಐದಕ್ಷರದಾಗೂ ಬರ್ತೈತಿ ಆರರಾಗೂ ಬರ್ತೈತಿ, ಯಾವುದು ಯಾವ ದೇಶದ್ದು ಅಂತ ಗುರ್ತಿಲ್ಲ. ಪರೀಕ್ಷಿ ಬರೆಯೋ ಹುಡುಗರ ಕೈಗೆ ಫೋನ್ ಸೀದಾ ಕೊಡಬ್ಯಾಡ್ರಿ.

ಖುಷಿ ಕೊಟ್ಟಿದ್ದು ಅಂದ್ರ ಅಕ್ಷರ ಕಲಸೋ ವಿಭಾಗ. ಎ, ಇ, ಎಲ್, ಎಸ್, ಟಿ ಇಷ್ಟ ಹಾಕ್ರಿ, ಸ್ಲೇಟ್, ಲೀಸ್ಟ್, ಸ್ಟೇಲ್, ಕದಿಯೋ ಸ್ಟೀಲ್, ಟೇಲ್ಸ್ ಎಲ್ಲಾ ಅದ ಐದರಾಗ. ನಾನು ಹೊರಸಿನ ಮ್ಯಾಲೆ ರಟ್ಟಿನ ತುಂಡು ಐದು ಒಗೆದು ಮೊದಲು ಹುಡುಗ್ರಿಗೆ ಬಿಡ್ತೀನಿ, ಅವ್ರು ಸೋತ ಮ್ಯಾಲೆ ಆಪ್ ತೆಗೀತೀನಿ. ಸ್ಲೇಟ್ ಎಲ್ಲಾರಿಗೂ ಸಿಗ್ತೈತಿ, ಸ್ಟೇಲ್ ಯಾರಿಗೂ ಸಿಗಂಗಿಲ್ಲ, ತಂಗಳ ಅಂತ ಹೇಳಿದ್ ಮ್ಯಾಲೆ ಮಾತ್ರ ಯಾರೂ ಮರಿಯಂಗಿಲ್ಲ.

ಜಾಹೀರಾತಿನ ಕಥಿ ಹೇಳಬಾರದು, ಮೊದಲ ವರ್ಷ ಕೆಳಗ ಸಣ್ಣ ಪಟ್ಟಿ ಇತ್ತು, ಈಗ ಎರಡು ಸಲ ಹುಡುಕಿದ್ರ ಒಂದು ವಿಡಿಯೋ, ಅದ್ರಾಗೂ ರಮ್ಮಿ ಆಟದ್ದು, ಹುಡುಗ್ರ ಮುಂದ ಮಾನ ಹೋಗ್ತೈತಿ. ಪ್ರೀಮಿಯಂ ತಗೊಂಡ್ರ ವಿಡಿಯೋ ಅಷ್ಟ ಹೋಗ್ತೈತಿ, ಎಸ್ ಹಂಗ ಉಳೀತೈತಿ, ಅದಕ್ಕ ನಾ ತಗೊಂಡಿಲ್ಲ. ಡೇಟಾ ಆಫ್ ಮಾಡಿ ಬಳಸ್ರಿ, ಸದ್ಯಕ್ಕಂತೂ ರಮ್ಮಿ ಬರಂಗಿಲ್ಲ.