ಮೀನಿಲ್ಲದ ಎರಡು ತಿಂಗಳಿಗೆ ಒಂದು ಐಸ್‌ಕ್ರೀಂ ಮಷೀನು: 14 ತಿಂಗಳು ಬಳಸಿದ ಮೇಲೆ

ಕಾರವಾರದ ನಮ್ಮ ಮನೆಗೆ ಈ ಮಷೀನು ಬಂದದ್ದು ಆಯಿಗಾಗಿ. ಆಯಿಗೆ ಈಗ 74. ಮೀನೊಂದಿದ್ದರೆ ಅವಳಿಗೆ ಊಟದ ಚಿಂತೆಯೇ ಇಲ್ಲ. ಬೇಳೆ ಜಾಸ್ತಿಯಾದರೆ ಹೊಟ್ಟೆ ಉಬ್ಬರ, ಮೊಟ್ಟೆ ವಾಸನೆ, ಪನೀರ್ ಅಂದರೆ ರಬ್ಬರ್ ಅಂತಾಳೆ. ವರ್ಷದ ಬಹುಪಾಲು ಬಾಂಗಡೆ, ತಾರ್ಲೆಯಲ್ಲಿ ಕಳೆದುಹೋಗುತ್ತದೆ. ತೊಂದರೆ ಶುರುವಾಗುವುದು ಜೂನ್ 1ಕ್ಕೆ. ಅಲ್ಲಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ; ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮುಗಿಯುವ ಹೊತ್ತಿಗೆ ಶ್ರಾವಣ. ಆ ತಿಂಗಳು ಆಯಿ ಮೀನು ಮುಟ್ಟುವುದಿಲ್ಲ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅವಳ ತೂಕ 3 ಕೆ.ಜಿ. ಇಳಿಯಿತು. ಡಾಕ್ಟರು ಪ್ರೋಟೀನ್ ಪುಡಿ ಹೇಳಿದರು. ಹಾಲಿಗೆ ಕಲಸಿ ಕೊಟ್ಟರೆ ಎರಡು ಗುಟುಕು ಕುಡಿದು ಲೋಟ ಸರಿಸಿಬಿಡುತ್ತಿದ್ದಳು. ಆದರೆ ಐಸ್‌ಕ್ರೀಂ ಅಂದರೆ ಅವಳಿಗೆ ಮೊದಲಿಂದಲೂ ಜೀವ. ಹಾಗಾಗಿ ಕಳೆದ ವರ್ಷ ಏಪ್ರಿಲ್‌ನಲ್ಲಿ 19,000 ರೂಪಾಯಿ ಕೊಟ್ಟು ಇದನ್ನು ತಂದೆ.

ಡಬ್ಬಿಯಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ್ದನ್ನು ಬ್ಲೇಡು ಮೇಲಿಂದ ಕೆಳಕ್ಕೆ ತುರಿಯುತ್ತಾ ಇಳಿಯುವ ಮಾದರಿ ಇದು. ವ್ಯಾಟು, ಬಟನ್ನುಗಳ ವಿವರ ಎಲ್ಲ ಕಡೆ ಸಿಗುತ್ತೆ, ಬಿಡಿ.

ನಮ್ಮ ಮನೆಯ ಹದ ಹೇಳುತ್ತೇನೆ. ಕರಿ ಈಶಾಡ ಮಾವಿನ ತಿರುಳು 200 ಗ್ರಾಂ, ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರು 100 ಗ್ರಾಂ, ಹಾಲು 120 ಮಿ.ಲೀ., ವಾಸನೆ ಸೇರಿಸದ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪುಡಿ) ಒಂದು ಅಳತೆ, ಒಂದು ಚಿಟಿಕೆ ಉಪ್ಪು. ಸಕ್ಕರೆ ಬೇಡವೇ ಬೇಡ. ನನ್ನ ಪುಡಿಯ ಒಂದು ಅಳತೆಯಲ್ಲಿ 24 ಗ್ರಾಂ ಪ್ರೋಟೀನ್ ಇದೆ. ಮೊಸರು, ಹಾಲು ಸೇರಿ ಡಬ್ಬಿಗೆ 35 ಗ್ರಾಂ ಹತ್ತಿರ ಆಗುತ್ತದೆ. ಆಯಿಗೆ ಅರ್ಧ, ನನಗೆ ಅರ್ಧ. ವೆನಿಲ್ಲಾ ಪರಿಮಳದ ಪುಡಿ ಮಾತ್ರ ದಯವಿಟ್ಟು ಹಾಕಬೇಡಿ. ಈಶಾಡದ ಘಮವನ್ನು ಅದು ಕೊಂದುಬಿಡುತ್ತದೆ. ಕಿಡ್ನಿ ತೊಂದರೆ ಇರುವವರು ಮನೆಯಲ್ಲಿದ್ದರೆ ಡಾಕ್ಟರನ್ನು ಕೇಳದೆ ಈ ಪುಡಿ ಶುರುಮಾಡಬೇಡಿ.

ಈಶಾಡ ಗೊತ್ತಿಲ್ಲದವರಿಗೆ ಒಂದು ಮಾತು. ಅಂಕೋಲೆಯ ಮಾವಿನಹಣ್ಣು ಇದು, ಕರಿ ಈಶಾಡಕ್ಕೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಬಿಳಿ ಈಶಾಡ ಬೇರೆ, ಕರಿ ಈಶಾಡ ಬೇರೆ. ಕರಿಯದರ ಸಿಪ್ಪೆ ತೆಳು, ತಿರುಳು ಜಾಸ್ತಿ. ಮೇ ತಿಂಗಳಲ್ಲಿ ಅಂಕೋಲೆ ಪೇಟೆಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿಯಲ್ಲಿಟ್ಟು ಮಾರುತ್ತಾರೆ. ತಂದ ಹಣ್ಣು ಎರಡು ಮೂರು ದಿನವೂ ನಿಲ್ಲುವುದಿಲ್ಲ, ಕೊಳೆಯಲು ಶುರುವಾಗುತ್ತದೆ. ಮೊದಲೆಲ್ಲ ತಿಂದಷ್ಟು ತಿಂದು ಉಳಿದದ್ದನ್ನು ಹಂಚುತ್ತಿದ್ದೆವು. ಈಗ ತಂದ ದಿನವೇ ತಿರುಳು ತೆಗೆದು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕುತ್ತೇನೆ. ಇದೊಂದು ಸುಖವನ್ನು ನಾನು ನಿರೀಕ್ಷಿಸಿಯೇ ಇರಲಿಲ್ಲ: ಜುಲೈ ಮಧ್ಯದಲ್ಲಿ, ಹೊರಗೆ ಧೋ ಎಂದು ಮಳೆ ಹೊಡೆಯುವಾಗ, ಅಡುಗೆಮನೆಯಲ್ಲಿ ಈಶಾಡದ ವಾಸನೆ.

ಸಂಜೆ ನಾಲ್ಕೂವರೆಗೆ ಡಬ್ಬಿ ಹೊರಗೆ ತೆಗೆಯುತ್ತೇನೆ. ಹೆಪ್ಪುಗಟ್ಟುವಾಗ ನಡುವೆ ಒಂದು ಉಬ್ಬು ಏಳುತ್ತದೆ, ಅದನ್ನು ಚಮಚದಿಂದ ಕೆರೆದು ಸಮ ಮಾಡಬೇಕು, ಇಲ್ಲದಿದ್ದರೆ ಬ್ಲೇಡಿಗೆ ಏಟು. ಮೊದಲ ಸುತ್ತು ಮುಗಿದಾಗ ಒಳಗೆ ಇರುವುದು ಐಸ್‌ಕ್ರೀಂ ಅಲ್ಲ, ಅಕ್ಕಿಹಿಟ್ಟಿನಂಥ ಪುಡಿ. ಹೆದರಬೇಡಿ. ಸಕ್ಕರೆ ಹಾಕಿಲ್ಲ ಅಲ್ವಾ, ಅದಕ್ಕೇ ಅಷ್ಟು ಗಟ್ಟಿ. ನಡುವೆ ಕುಳಿ ಮಾಡಿ ಎರಡು ಚಮಚ ಹಾಲು ಬಿಟ್ಟು ಇನ್ನೊಂದು ಸುತ್ತು ತಿರುಗಿಸಿದರೆ ಬೆಣ್ಣೆಯಂತೆ ಬರುತ್ತದೆ. ಸದ್ದು ಮಾತ್ರ ಭಯಂಕರ. ಆಯಿ ಅಷ್ಟು ಹೊತ್ತು ಜಗಲಿಗೆ ಹೋಗಿ ಕೂರುತ್ತಾಳೆ, ಸದ್ದು ನಿಂತ ಕೂಡಲೇ ತನ್ನ ಸ್ಟೀಲ್ ಬಟ್ಟಲು ಹಿಡಿದು ಬರುತ್ತಾಳೆ. ಚಮಚದ ಹಿಂಭಾಗವನ್ನೂ ನೆಕ್ಕುತ್ತಾಳೆ. ಲೋಟ ಸರಿಸುತ್ತಿದ್ದವಳು ಇವಳೇನಾ ಅನಿಸುತ್ತದೆ.

ಮೊದಲ ಎರಡು ತಿಂಗಳು ಇದನ್ನು ಬರೆದಿದ್ದರೆ ಪೂರ್ತಿ ಹೊಗಳಿಯೇ ಬರೆಯುತ್ತಿದ್ದೆ. ಆಮೇಲೆ ಮಳೆ ಜೋರಾಯಿತು.

ಜೊತೆಗೆ ಕೊಟ್ಟ ಪುಸ್ತಕದಲ್ಲಿ "24 ಗಂಟೆ ಫ್ರೀಜ್ ಮಾಡಿ" ಅಂತ ಒಂದೇ ಸಾಲು. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ 24 ಗಂಟೆ ಬಿಡದೆ ಕರೆಂಟು ಇರುವ ದಿನ ಎಷ್ಟು? ಗಾಳಿಗೆ ಮರ ಬಿದ್ದರೆ ತಂತಿ ಹೋಯಿತು. ನಮ್ಮ ಇನ್ವರ್ಟರ್‌ ಫ್ಯಾನು, ದೀಪ ಎಳೆಯುತ್ತದೆ, ಫ್ರಿಜ್ ಎಳೆಯುವುದಿಲ್ಲ. ನಾಲ್ಕೈದು ಗಂಟೆ ಕರೆಂಟು ಹೋಗಿ ಬಂದರೆ ಡಬ್ಬಿಯ ಅಂಚು ಕರಗಿ ಮತ್ತೆ ಹೆಪ್ಪುಗಟ್ಟುತ್ತದೆ. ಸಣ್ಣ ಹರಳುಗಳು ಕರಗಿ, ಆ ನೀರು ದೊಡ್ಡ ಹರಳುಗಳಿಗೆ ಅಂಟಿಕೊಳ್ಳುತ್ತದೆ. ಕೊನೆಗೆ ಬಾಯಲ್ಲಿ ಮರಳು. ಒಮ್ಮೆ ರಾತ್ರಿ ಹೋದ ಕರೆಂಟು ಮರುದಿನ ಮಧ್ಯಾಹ್ನ ಬಂತು. ಎರಡೂ ಡಬ್ಬಿ ಪೂರ್ತಿ ನೀರಾಗಿತ್ತು. ಹಾಲು ಮೊಸರು ಇದ್ದದ್ದು, ವಯಸ್ಸಾದವಳಿಗೆ ಕೊಡುವ ಧೈರ್ಯವಾಗಲಿಲ್ಲ. ಅಷ್ಟೂ ಈಶಾಡವನ್ನು ಮೋರಿಗೆ ಸುರಿದೆ. ಆ ದಿನ ನನಗೆ ಈ ಮಷೀನಿನ ಮುಖ ನೋಡಲೂ ಮನಸ್ಸಿರಲಿಲ್ಲ. ಮೀನಿಲ್ಲದ ಯಾವ ಎರಡು ತಿಂಗಳಿಗೆಂದು ತಂದೆನೋ, ಅದೇ ಎರಡು ತಿಂಗಳು ಇದು ಕೈಕೊಡುತ್ತದೆ ಅಂದರೆ ಏನು ಹೇಳುವುದು?

ಒಂದು ತಿಂಗಳು ಮೂಲೆಯಲ್ಲೇ ಇಟ್ಟಿದ್ದೆ. ನಂತರ ದಾರಿ ಸಿಕ್ಕಿತು. ಒಂದು ಲೀಟರ್ ನೀರಿಗೆ 100 ಗ್ರಾಂ ಕಲ್ಲುಪ್ಪು ಕರಗಿಸಿ, ಮೇಲೆ ಸ್ವಲ್ಪ ಜಾಗ ಬಿಟ್ಟು ಬಾಟಲಿಗಳಿಗೆ ತುಂಬಿ ಫ್ರೀಜರಿನಲ್ಲಿ ಡಬ್ಬಿಯ ಸುತ್ತ ನಿಲ್ಲಿಸಿದೆ. ಉಪ್ಪುನೀರು ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ಹೆಪ್ಪುಗಟ್ಟುವುದು, ಹಾಗಾಗಿ ಕರಗುವಾಗಲೂ ಬರೀ ಐಸಿಗಿಂತ ತಣ್ಣಗಿರುತ್ತದೆ. ಬಾಗಿಲು ತೆರೆಯದಿದ್ದರೆ ನಾಲ್ಕೈದು ಗಂಟೆ ಕರೆಂಟು ಹೋದರೂ ನಮ್ಮ ಡಬ್ಬಿ ಈಗ ಗಟ್ಟಿಯಾಗಿಯೇ ಇರುತ್ತದೆ. ರಾತ್ರಿಯಿಡೀ ಹೋದರೆ ಇದೂ ಸಾಲದು. ಹಾಗಾಗಿ ಮಳೆಗಾಲದಲ್ಲಿ ಒಂದೇ ಒಂದು ಡಬ್ಬಿ ಕಲಸಿಡುತ್ತೇನೆ. ಉಳಿದದ್ದು ಬರೀ ತಿರುಳು.

ಶಿರಸಿ ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ಬನವಾಸಿಯಿಂದ ಒಳ್ಳೆಯ ಅನಾನಸ್ ಬಂತೆಂದು ಹಸಿಯದನ್ನೇ ಹಾಕಿದ್ದೆ. ಮರುದಿನ ಕಹಿ ವಿಷ. ಅನಾನಸ್‌ನಲ್ಲಿರುವ ಬ್ರೋಮೆಲಿನ್ ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ, ಆ ತುಂಡುಗಳೇ ಕಹಿ. ಫ್ರೀಜರಿನ ಚಳಿಗೆ ಅದು ಸಾಯುವುದಿಲ್ಲ. ಹಣ್ಣನ್ನು ಚೆನ್ನಾಗಿ ಕುದಿಸಿ ಆರಿಸಿ ಹಾಕಿದರೆ ತೊಂದರೆ ಇಲ್ಲ, ರುಚಿಯೂ ಚಂದ.

ತಗೊಳ್ಳಬೇಕಾ ಅಂತ ಕೇಳಿದರೆ, ಸುಮ್ನೆ ಆಸೆಗೆ ಬೇಡ, 19,000 ದೊಡ್ಡ ದುಡ್ಡು. ಜೊತೆಗೆ ಬಂದ ಎರಡು ಡಬ್ಬಿಯಲ್ಲಿ ಒಂದು ಬಿರುಕು ಬಿಟ್ಟಿದೆ, ಹೊಸದಕ್ಕೆ 1,200 ಕೇಳುತ್ತಾರೆ, ನನಗೆ ಅದು ಅನ್ಯಾಯ ಅನಿಸುತ್ತದೆ. ರಿಪೇರಿಗೆ ಹುಬ್ಬಳ್ಳಿಗೆ ಕಳಿಸಬೇಕು. ಆದರೆ ಕಳೆದ ಮಳೆಗಾಲ ಕಳೆದಾಗ ಆಯಿಯ ತೂಕ ಅರ್ಧ ಕೆ.ಜಿ. ಅಷ್ಟೇ ಇಳಿದಿತ್ತು. ನನ್ನ ಲೆಕ್ಕ ಅಲ್ಲಿಗೆ ಸರಿಹೋಯಿತು.

ಈ ವರ್ಷ ದೋಣಿಗಳು ದಡ ಸೇರಿ ಎರಡು ವಾರವಾಯಿತು. ಫ್ರೀಜರಿನಲ್ಲಿ ಹದಿನೆಂಟು ಡಬ್ಬಿ ತಿರುಳಿದೆ, ನಾಲ್ಕು ಬಾಟಲಿ ಉಪ್ಪುನೀರಿದೆ. ವಾರಕ್ಕೆ ಎರಡರಂತೆ ತೆಗೆದರೆ ಶ್ರಾವಣಕ್ಕೂ ಸ್ವಲ್ಪ ಉಳಿಯುತ್ತದೆ. ಆಯಿ ಮಾತ್ರ ಮೂರರಂತೆ ತೆಗಿ ಅಂತಿದ್ದಾಳೆ.