ಗೇಟಿನ ಕ್ಯಾಮೆರಾ: ಚಿತ್ರ ಸ್ಪಷ್ಟ, ಮೇಲಿನ ಬರಹದ್ದೇ ತಕರಾರು

ಮೈಸೂರಿನ ನಮ್ಮ ಮನೆಗೆ ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವ ಎರಡು ಐಪಿ ಕ್ಯಾಮೆರಾಗಳನ್ನೂ ನಾಲ್ಕು ಚಾನೆಲ್‌ಗಳ ಒಂದು ಎನ್‌ವಿಆರ್ (ಅವುಗಳ ವಿಡಿಯೊ ದಾಖಲಿಸಿಡುವ ಪೆಟ್ಟಿಗೆ) ಅನ್ನೂ ಹಾಕಿಸಿ ಎಂಟು ತಿಂಗಳಾಯಿತು. ಹಗಲಿನ ಚಿತ್ರ ಸ್ಪಷ್ಟವಾಗಿದೆ, ರಾತ್ರಿಯ ಇನ್ಫ್ರಾರೆಡ್ ಬೆಳಕೂ ಬೀದಿಯ ಆಚೆ ಬದಿಯವರೆಗೆ ಮುಟ್ಟುತ್ತದೆ. ನನ್ನ ತಕರಾರೆಲ್ಲ ಚಿತ್ರದ ಮೇಲೆ ಮೂಡುವ ದಿನಾಂಕ, ಸಮಯ ಮತ್ತು ಹೆಸರಿನ ಬರಹದ್ದು.

ಪಕ್ಕದ ಮನೆಯವರ ಸ್ಕೂಟರಿಗೆ ಒಂದು ಮಧ್ಯಾಹ್ನ ಸರಕಿನ ಆಟೊ ಉಜ್ಜಿಕೊಂಡು ಹೋಯಿತು. ರೆಕಾರ್ಡಿಂಗ್ ತೆಗೆದು ನೋಡಿದರೆ ಆಟೊ ಸಿಕ್ಕಿತು, ಆದರೆ ಚಿತ್ರದ ಮೇಲ್ಭಾಗದಲ್ಲಿ 16:40 ಎಂದೂ ಕೆಳಭಾಗದಲ್ಲಿ 14:10 ಎಂದೂ ಎರಡು ಸಮಯಗಳಿದ್ದವು. ಮೇಲಿನದು ಕ್ಯಾಮೆರಾ ಬರೆದದ್ದು, ಕೆಳಗಿನದು ಎನ್‌ವಿಆರ್ ತನ್ನ ಪರದೆಯ ಮೇಲಷ್ಟೇ ತೋರಿಸುವಂಥದ್ದು. ಎರಡೂವರೆ ಗಂಟೆಯ ವ್ಯತ್ಯಾಸ ಕಂಡರೆ ಮೊದಲು ಟೈಮ್ ಝೋನ್ ನೋಡಬೇಕು: ಚೀನಾದ ಸಮಯ ಜಿಎಂಟಿಗಿಂತ 8 ಗಂಟೆ ಮುಂದೆ, ನಮ್ಮದು ಐದೂವರೆ ಗಂಟೆ ಮುಂದೆ. ಅಳವಡಿಸಲು ಬಂದವರು ಎನ್‌ವಿಆರ್ ಅನ್ನು ಸರಿಪಡಿಸಿ, ಕ್ಯಾಮೆರಾಗಳನ್ನು ಕಾರ್ಖಾನೆಯಿಂದ ಬಂದಂತೆಯೇ, ಚೀನಾದ ಸಮಯದಲ್ಲೇ, ಬಿಟ್ಟಿದ್ದರು. ಕ್ಯಾಮೆರಾದ ಬರಹವು ವಿಡಿಯೊ ಸಿದ್ಧವಾಗುವಾಗಲೇ ಚಿತ್ರದೊಳಗೆ ಬೆರೆತುಹೋಗುವುದರಿಂದ ಅದನ್ನು ಆಮೇಲೆ ತಿದ್ದಲಾಗದು; ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟಾಗ ಸರಿಯಾದ ಸಮಯ ಕಾಣೆಯಾಗಿ ತಪ್ಪು ಸಮಯ ಮಾತ್ರ ಉಳಿದಿತ್ತು. ನೆರೆಯವರಿಗೆ ಇದನ್ನು ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಅದನ್ನು ಸರಿಪಡಿಸಿದ ಮೇಲೂ, ಕರೆಂಟ್ ಹೋಗಿ ಬಂದಾಗಲೆಲ್ಲ ಕ್ಯಾಮೆರಾಗಳು 1970ರ ಜನವರಿ 1ರ ಬೆಳಗಿನ 5.30ಕ್ಕೆ ಹಿಂದಿರುಗುತ್ತಿದ್ದವು. ಇವುಗಳ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ರೂಟರ್ ಇಂಟರ್ನೆಟ್ ಹಿಡಿಯುವ ಮೊದಲೇ ಕ್ಯಾಮೆರಾ ಎನ್‌ಟಿಪಿ ಸರ್ವರನ್ನು (ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ತಿಳಿಸುವ ಕಂಪ್ಯೂಟರ್) ಒಮ್ಮೆ ಸಮಯ ಕೇಳಿ, ಉತ್ತರ ಬಾರದಿದ್ದರೆ ಮತ್ತೆ 1,440 ನಿಮಿಷ, ಎಂದರೆ ಪೂರ್ತಿ ಒಂದು ದಿನ, ಸುಮ್ಮನೆ ಕೂರುತ್ತಿತ್ತು. ಈ ಅವಧಿಯನ್ನು 60 ನಿಮಿಷಕ್ಕೆ ಇಳಿಸಿ, ಸರ್ವರಿನ ಜಾಗದಲ್ಲಿ ಬಟನ್ ಬ್ಯಾಟರಿಯುಳ್ಳ ಎನ್‌ವಿಆರ್‌ನ ವಿಳಾಸವನ್ನೇ ಕೊಟ್ಟ ಮೇಲೆ ತೊಂದರೆ ನಿಂತಿತು. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಸುಣ್ಣ ಬಳಿದ ಕಾಂಪೌಂಡ್ ಗೋಡೆಯ ಮೇಲೆ ಬಿಳಿ ಅಕ್ಷರಗಳು ಕಾಣುತ್ತಿರಲಿಲ್ಲ. ಬರಹವನ್ನು ಕೆಳಗಿನ ಎಡಮೂಲೆಗೆ, ತುಳಸಿಕಟ್ಟೆಯ ನೆರಳಿನ ಮೇಲೆ ಎಳೆದು ಕೂರಿಸಿದೆ. ಮೊಬೈಲಿಗೆ ಬರುವ 640×360ರ ಸಬ್‌ಸ್ಟ್ರೀಮ್‌ನಲ್ಲಿ (ಅದೇ ವಿಡಿಯೊದ ಚಿಕ್ಕ ಗಾತ್ರದ ಪ್ರತಿ) ಅದೇ ಅಕ್ಷರಗಳು ದೈತ್ಯಾಕಾರ ತಾಳಿ ಗೇಟಿನ ಚಿಲಕವನ್ನೇ ಮುಚ್ಚುತ್ತಿದ್ದವು. ಅಕ್ಷರದ ಗಾತ್ರವನ್ನು 'ಆಟೊ' (ಚಿತ್ರಕ್ಕೆ ತಕ್ಕಂತೆ ತಾನೇ ಬದಲಾಗುವಂತೆ) ಮಾಡಿದಾಗ ಅದೂ ಸರಿಹೋಯಿತು.

ಬಗೆಹರಿಯದೆ ಉಳಿದದ್ದು ಕನ್ನಡ. ಹೆಸರಿನ ಜಾಗದಲ್ಲಿ 'ಪೂರ್ವ ಗೇಟು' ಎಂದು ಟೈಪಿಸಿದರೆ ಆ್ಯಪ್‌ನ ಪಟ್ಟಿಯಲ್ಲಿ ಸರಿಯಾಗಿಯೇ ಕಾಣುತ್ತದೆ, ವಿಡಿಯೊದಲ್ಲಿ ಮಾತ್ರ ಖಾಲಿ ಚೌಕಗಳು. ಅಕ್ಷರಗಳು ನಾಲ್ಕೇ, ಚೌಕಗಳು ಒಂಬತ್ತು, ಏಕೆಂದರೆ ಕ್ಯಾಮೆರಾ ಸ್ವರಚಿಹ್ನೆಯನ್ನೂ ಒತ್ತಕ್ಷರ ಮೂಡಿಸುವ ವಿರಾಮವನ್ನೂ (್) ಬೇರೆ ಬೇರೆಯಾಗಿ ಎಣಿಸುತ್ತದೆ. ಫೋನಿನಲ್ಲಿ ಕನ್ನಡ ಫಾಂಟ್ ಇದೆ, ಕ್ಯಾಮೆರಾದೊಳಗಿನ ತಂತ್ರಾಂಶವಾದ ಫರ್ಮ್‌ವೇರ್‌ನಲ್ಲಿ ಇಲ್ಲ. ಸೇವಾಕೇಂದ್ರದವರು ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಎಂದರು, ಮಾಡಿದೆ. ಚೌಕಗಳು ಹಾಗೆಯೇ ಉಳಿದವು, ಟೈಮ್ ಝೋನ್ ಮಾತ್ರ ಮತ್ತೆ ಚೀನಾಕ್ಕೆ ಹೋಯಿತು. ವಿಡಿಯೊವನ್ನು ಕಂಪ್ಯೂಟರಿಗೆ ತಂದು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಿಂದ ಕನ್ನಡ ಬರೆಯಿಸಬಹುದು, ಆದರೆ ಅದಕ್ಕೆ ಇಡೀ ವಿಡಿಯೊ ಮತ್ತೊಮ್ಮೆ ಎನ್‌ಕೋಡ್ ಆಗಬೇಕು. ಒಂದು ಗೇಟಿನ ಹೆಸರಿಗಾಗಿ ಕಂಪ್ಯೂಟರನ್ನು ಹಗಲಿರುಳು ಓಡಿಸುವ ಮನಸ್ಸಾಗದೆ, ಇಂಗ್ಲಿಷಿನಲ್ಲಿ 'ಗೇಟ್ 1' ಎಂದು ಬರೆದು ಬಿಟ್ಟಿದ್ದೇನೆ.